ಉಪ್ಪಿನ ಊರಿನಲ್ಲಿ ಸಿಹಿನೀರು

ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಉತ್ತರಕ್ಕೆ ಕಡಲು ಸೇರುವ ಕಾಳಿ ನದಿ, ಪೂರ್ವಕ್ಕೆ ಸಹ್ಯಾದ್ರಿಯ ಗುಡ್ಡಗಳು. ಇವುಗಳ ನಡುವೆ ಇಕ್ಕಟ್ಟಾಗಿ ಕುಳಿತ ಊರು ಕಾರವಾರ. ಬೇಸಿಗೆ ರಜೆ ಬಂತೆಂದರೆ ಘಟ್ಟದ ಮೇಲಿನವರು ಇಲ್ಲಿಗೆ ಬರುತ್ತಾರೆ. ಗಾಳಿಮರಗಳ ಸಾಲಿನಲ್ಲಿ ಅಡ್ಡಾಡುತ್ತಾರೆ. ನೌಕಾಪಡೆಯಿಂದ ನಿವೃತ್ತಿಯಾಗಿ 2006ರಿಂದ ದಡದ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಪಲ್’ ಹಡಗನ್ನು ಮಕ್ಕಳಿಗೆ ತೋರಿಸುತ್ತಾರೆ. ಎರಡು ದಿನ ಇದ್ದು ಹೋಗುವವರಿಗೆ ಇದು ಸೊಬಗಿನ ಊರು. ಹಸುಗೂಸಿನೊಡನೆ ಇಡೀ ಬೇಸಿಗೆ ಕಳೆಯಬೇಕಾದವರಿಗೆ ಇದರ ಇನ್ನೊಂದು ಮುಖವೂ ಕಾಣಿಸುತ್ತದೆ.

ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟಾಗೋರರು 1883ರಲ್ಲಿ ಇಲ್ಲಿ ತಂಗಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ‘ಪ್ರಕೃತಿಯ ಪ್ರತೀಕಾರ’ ಎಂಬರ್ಥದ ಹೆಸರಿನ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ಎಲ್ಲವನ್ನೂ ತೊರೆದು ಪ್ರಕೃತಿಯನ್ನು ಗೆದ್ದೆನೆಂದುಕೊಂಡ ಸನ್ಯಾಸಿಯನ್ನು ಅನಾಥ ಬಾಲೆಯೊಬ್ಬಳ ಪ್ರೀತಿ ಮತ್ತೆ ಲೋಕದ ಕಡೆಗೆ ಸೆಳೆಯುತ್ತದೆ. ಸನ್ಯಾಸಿಗೇ ಹಾಗಾದರೆ ಸಂಸಾರಿಗಳ ಪಾಡೇನು? ಮಗುವಿರುವ ಮನೆಯಲ್ಲಿ ಪ್ರಕೃತಿಯೇ ಯಜಮಾನ. ಗಾಳಿ, ಬೆವರು, ಬಾವಿ ಎಲ್ಲದರ ಲೆಕ್ಕವನ್ನೂ ಇಡಬೇಕಾಗುತ್ತದೆ.

ಕೋಡಿಬಾಗದ ಕಡೆಯ ಒಂದು ಹೆಂಚಿನ ಮನೆಗೂ ಇಂಥದೊಂದು ಬೇಸಿಗೆ ಬಂತು. ಮನೆಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ಮಾರ್ಚ್ ಕೊನೆಗೆ ಹೆಣ್ಣು ಮಗು ಹುಟ್ಟಿತು. ವಿಜಯಪುರದ ಕಡೆಯವನಾದ ಗಂಡ ಮೇ ತಿಂಗಳಲ್ಲಿ ರಜೆ ಹಾಕಿ ಬಂದ. ನಲವತ್ತು ಡಿಗ್ರಿಯ ಬಿಸಿಲು ಕಂಡವನಿಗೆ ಕಾರವಾರದ ಮೂವತ್ತಮೂರು ಯಾವ ಲೆಕ್ಕ ಎಂದುಕೊಂಡಿದ್ದ. ಮೂರನೆಯ ದಿನಕ್ಕೇ ಸೋತ. “ನಮ್ಮ ಕಡೆ ಬಿಸಿಲು ಸುಡತೈತ್ರಿ ಅತ್ತಿ, ಇಲ್ಲಿ ಬೇಯಿಸತೈತಿ” ಎಂದ.

ಅವನ ಮಾತಿನಲ್ಲಿ ವಿಜ್ಞಾನವಿದೆ. ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ, ಅದು ಆವಿಯಾಗಬೇಕು. ಆವಿಯಾಗುವಾಗ ಮೈಯ ಶಾಖವನ್ನು ಒಯ್ಯುತ್ತದೆ. ವಿಜಯಪುರದ ಒಣಗಾಳಿ ಬೆವರನ್ನು ಕ್ಷಣದಲ್ಲಿ ಹೀರುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿರುವುದರಿಂದ ಬೆವರು ಮೈಮೇಲೆಯೇ ಉಳಿಯುತ್ತದೆ. ಕೂಸಿಗೆ ಇದು ಇನ್ನೂ ಕಷ್ಟ. ಅದರ ಬೆವರಿನ ಗ್ರಂಥಿಗಳು ಇನ್ನೂ ಪಳಗಿರುವುದಿಲ್ಲ. ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ.

ಗಾಳಿಯ ಗಡಿಯಾರ

ಅಜ್ಜಿಗೆ ಈ ಲೆಕ್ಕಗಳ ಹೆಸರು ಗೊತ್ತಿಲ್ಲ. ಆದರೆ ಗಾಳಿಯ ವೇಳೆ ಗೊತ್ತು. ಮಗುವಿನ ಎಣ್ಣೆ ನೀರು ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ಒಂಬತ್ತರಿಂದ ಹನ್ನೊಂದರವರೆಗೆ ತೆಂಗಿನ ಗರಿಯೂ ಅಲುಗುವುದಿಲ್ಲ. ಆಗ ಕೂಸಿಗೆ ತೆಳು ಹತ್ತಿಯ ಜಬಲೆಯೊಂದೇ ಸಾಕು. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದಿಂದ ಗಾಳಿ ಏಳುತ್ತದೆ. ತೊಟ್ಟಿಲು ಒಳಕೋಣೆಯಿಂದ ಪಡಸಾಲೆಗೆ ಬರುತ್ತದೆ, ಪಶ್ಚಿಮದ ಕಿಟಕಿಗಳು ತೆರೆದುಕೊಳ್ಳುತ್ತವೆ.

ಶಾಲೆಯ ಪುಸ್ತಕದಲ್ಲಿ ಓದುವ ಕಡಲಗಾಳಿ ಇದೇ. ಒಂದೇ ಬಿಸಿಲಿಗೆ ಮರಳು ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಹಗುರಾಗಿ ಮೇಲೇರಿದಾಗ ಆ ಜಾಗಕ್ಕೆ ಕಡಲ ಮೇಲಿನ ತಂಪುಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ಆರುವುದರಿಂದ ಗಾಳಿಯ ದಿಕ್ಕು ತಿರುಗುತ್ತದೆ. ಈ ಎರಡು ಗಾಳಿಗಳ ನಡುವಿನ ಸ್ತಬ್ಧ ವೇಳೆಯೇ ಬೆಳಗಿನ ಆ ಸೆಕೆ. ಮೊದಮೊದಲು ನಗುತ್ತಿದ್ದ ಅಳಿಯ ವಾರದೊಳಗೆ ತಾನೇ ತೊಟ್ಟಿಲು ಎಳೆಯತೊಡಗಿದ.

ಬಾವಿಯ ಲೆಕ್ಕ

ಮೇ ನಡುವಿನಲ್ಲಿ ಬಾವಿಯ ನೀರಿನ ರುಚಿ ಬದಲಾಯಿತು. ಬೇಳೆ ಬೇಯಲಿಲ್ಲ, ಚಹಾ ಕೆಟ್ಟಿತು. ಕರಾವಳಿಯ ನೆಲದಡಿಯಲ್ಲಿ ಮಳೆಯ ಸಿಹಿನೀರು ಹಗುರಾದ್ದರಿಂದ ಸಮುದ್ರದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರ ಸಿಹಿನೀರಿದ್ದರೆ, ಅದರ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಉಪ್ಪುನೀರು ಹಿಂದೆ ಸರಿದಿರುತ್ತದೆ. ಬೇಸಿಗೆಯಲ್ಲಿ ಸೇದಿ ಸೇದಿ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಉಪ್ಪು ನಲವತ್ತು ಅಡಿ ಮೇಲೇರಲು ದಾರಿಯಾಯಿತು. ಬಾವಿ ಬತ್ತುವ ಮೊದಲೇ ಕೆಡುವುದು ಹೀಗೆ.

ಒಂದು ಚಮಚ ನೀರು

ಅದೇ ವಾರ ಒಂದು ದಿನ ಮೋಡ ಕವಿದು ಕಡಲಗಾಳಿ ಏಳಲೇ ಇಲ್ಲ. ಕೂಸು ಕಿರಿಕಿರಿ ಮಾಡಿತು, ಸರಿಯಾಗಿ ಹಾಲು ಕುಡಿಯಲಿಲ್ಲ. ಮಧ್ಯಾಹ್ನ ಎರಡಾದರೂ ಹಗ್ಗದ ಮೇಲೆ ಒದ್ದೆಯಾದ ಬಟ್ಟೆ ಎರಡೇ. ಅಜ್ಜಿ ಬಾವಿಯ ನೀರನ್ನು ಕುದಿಸಿ ಆರಿಸಿ, ಚಮಚ ಹಿಡಿದು ಬಂದರು.

“ಬೇಡ ಆಯಿ, ಆರು ತಿಂಗಳು ಒಂದು ಚಮಚ ನೀರೂ ಬೇಡ ಹೇಳಿ ಆಸ್ಪತ್ರೆಯಲ್ಲಿ ಹೇಳಿದ್ದಾರೆ.”

“ನಮಗೇ ಗಂಟಲು ಆರ್ತದೆ ತಂಗೀ, ಕೂಸಿಗೆ ಆರೂದಿಲ್ವೆ? ಕುದಿಸಿದ ನೀರು, ಏನೂ ಆಗೂದಿಲ್ಲ.”

ಅಳಿಯ ವಾದಕ್ಕಿಳಿಯಲಿಲ್ಲ. ಅದೇ ನೀರನ್ನು ಪಾತ್ರೆಗೆ ಹಾಕಿ ಕಾಲುಭಾಗವಾಗುವವರೆಗೆ ಕುದಿಸಿದ. ಆರಿದ ಮೇಲೆ ಅತ್ತೆಯ ಮುಂದಿಟ್ಟ. ನಾಲಿಗೆಗೆ ಮುಟ್ಟಿಸಿದ ಅಜ್ಜಿ ಮುಖ ಕಿವುಚಿದರು. “ಸಾರು ಬತ್ತಿದರೆ ಉಪ್ಪಾಗ್ತದೆ. ನನಗೆ ಇದು ಹೊಳೀಲಿಲ್ಲ ನೋಡಿ” ಎಂದರು. ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಇದೇ ಜಿಲ್ಲೆಯ ಸಾಣಿಕಟ್ಟದ ಆಗರಗಳಲ್ಲಿ ಉಪ್ಪು ತೆಗೆಯುವುದೂ ಇದೇ ಸೂತ್ರದಿಂದ. ಎಳೆಯ ಮೂತ್ರಪಿಂಡಗಳಿಗೆ ಆ ಉಪ್ಪನ್ನು ಹೊರಹಾಕುವ ಶಕ್ತಿ ಕಡಿಮೆ.

ಹಾಗಾದರೆ ಶುದ್ಧವಾದ ಸಿಹಿನೀರು ಕೊಡಬಹುದೆ? ಅದೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು ಎಂಬತ್ತೇಳು ಪಾಲು ನೀರೇ ಇದೆ. ಎಂಥ ಸೆಕೆಯಲ್ಲೂ ಮಗುವಿಗೆ ಅದು ಸಾಕು. ನೀರು ಪುಟ್ಟ ಹೊಟ್ಟೆಯನ್ನು ತುಂಬಿಸಿ ಹಾಲಿನ ಜಾಗ ಕಸಿಯುತ್ತದೆ. ಹೆಚ್ಚಾದರೆ ರಕ್ತದಲ್ಲಿನ ಲವಣಾಂಶವನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ನೆಕ್ಕಿಸಲೇಬಾರದು.

ಸಂಜೆ ಮಗುವನ್ನು ವೈದ್ಯರಿಗೆ ತೋರಿಸಿದರು. ತೂಕ ಸರಿಯಾಗಿತ್ತು, ಜ್ವರವಿರಲಿಲ್ಲ. ಪದೇಪದೇ ಹಾಲೂಡಿಸಿ ಎಂದ ವೈದ್ಯರು, ತಾಯಿಯನ್ನು ಕೇಳಿದರು: “ನೀನು ದಿನಕ್ಕೆ ಎಷ್ಟು ನೀರು ಕುಡಿಯುತ್ತೀಯಮ್ಮ?” ಆಕೆ ಅಜ್ಜಿಯ ಮುಖ ನೋಡಿದಳು. ಬಾಣಂತಿ ಹೆಚ್ಚು ನೀರು ಕುಡಿದರೆ ಶೀತವಾಗುತ್ತದೆಂದು ಆ ಮನೆಯಲ್ಲಿ ಲೋಟ ಅಳೆದು ಕೊಡುತ್ತಿದ್ದರು. ಸೆಕೆಯಲ್ಲಿ ಬೆವರಿ ಬಳಲಿದ ತಾಯಿ ಬಾಯಾರಿಕೆ ಕಟ್ಟಿಕೊಂಡು ಹಾಲೂಡಿಸುವುದು ಹೇಗೆ?

ಮರುದಿನದಿಂದ ಚಮಚ ಗೂಡು ಸೇರಿತು. ನಲ್ಲಿಯ ನೀರು ಕಾಯಿಸಿ ಆರಿಸಿದ ತಂಬಿಗೆ ಬಾಣಂತಿಯ ಪಕ್ಕದಲ್ಲಿ ಬಂದು ಕುಳಿತಿತು. ಗಂಜಿತಿಳಿಯೂ ಆಗ ತಾನೆ ಹಣ್ಣಾಗಿದ್ದ ಮುರುಗಲಿನ ಪಾನಕವೂ ಜೊತೆಯಾದವು. ಅಜ್ಜಿ ಒದ್ದೆ ಬಟ್ಟೆಗಳ ಲೆಕ್ಕ ಇಡತೊಡಗಿದರು. ದಿನಕ್ಕೆ ಆರು ಅಥವಾ ಹೆಚ್ಚು ಬಟ್ಟೆ ಒದ್ದೆಯಾದರೆ ಮಗುವಿಗೆ ಹಾಲು ಸಾಲುತ್ತಿದೆ ಎಂದರ್ಥ. ಬಟ್ಟೆ ಒದ್ದೆಯಾಗದೆ ಹೋದರೆ, ನೆತ್ತಿ ಗುಳಿಬಿದ್ದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಸಂಜೆಯ ಕಡಲು

ಮೇ ಕೊನೆಯ ವಾರ, ಬಿಸಿಲು ಇಳಿದ ಮೇಲೆ ಕೂಸನ್ನು ಮೊದಲ ಬಾರಿ ಕಡಲತೀರಕ್ಕೆ ಕರೆದೊಯ್ದರು. ಎಳೆಯ ಚರ್ಮಕ್ಕೆ ನೇರ ಬಿಸಿಲು ಸಲ್ಲದು. ಮರಳು, ನೀರುಗಳಿಂದ ಪ್ರತಿಫಲಿಸುವ ಬಿಸಿಲೂ ಕಡಿಮೆಯದಲ್ಲ. ದೂರದಲ್ಲಿ ದೋಣಿಗಳು ಬಂದರಿನತ್ತ ಮರಳುತ್ತಿದ್ದವು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನುಗಳು ಮರಿಯಿಡುವ ಕಾಲವದು. ಕಡಲಿಗೂ ಒಂದು ಬಾಣಂತನ ಎನ್ನಬಹುದು. ಗಾಳಿಮರದ ಕೆಳಗೆ ಆಯಿಯ ಮಡಿಲಲ್ಲಿ ಕೂಸು ಅಲೆಯ ಸದ್ದಿಗೆ ಕಣ್ಣರಳಿಸಿತು.

ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯಿತು. ಅಳಿಯ ಊರಿಗೆ ಹೊರಟ. ಐದು ತಿಂಗಳು ತುಂಬಿದ ಮೇಲೆ ತಾಯಿ ಮಗುವನ್ನು ಕರೆದೊಯ್ಯುವುದೆಂದು ಮಾತಾಯಿತು. ಒಣಗಿಸಿದ ಮುರುಗಲು ಸಿಪ್ಪೆಯ ಗಂಟನ್ನು ಅವನ ಕೈಗಿಡುತ್ತ ಅಜ್ಜಿ ಹೇಳಿದರು: “ನಿಮ್ಮೂರಲ್ಲಿ ಯಾರಾದರೂ ಕೂಸಿಗೆ ಹೇಳಿ ಚಮಚ ಹಿಡಿದು ಬಂದರೆ, ನೀವು ನನ್ನ ಮಗಳ ಕೈಗೆ ಲೋಟ ಕೊಡಿ.”