ಅರ್ಧ ಓಟಗಾರನ ಪೂರ್ತಿ ಲೆಕ್ಕ

ಆಗಸ್ಟ್ ಕೊನೆಯ ವಾರ ಅಮೆರಿಕದ ಆಫೀಸುಗಳಲ್ಲಿ ಕೆಲಸ ನಡೆಯುವುದಿಲ್ಲ ಎಂದರೆ ಮ್ಯಾನೇಜರುಗಳು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಬೇಡ, ಬಾಗಿಲು ಹಾಕಿಕೊಂಡು ಅವರೂ ಅದನ್ನೇ ಮಾಡುತ್ತಿರುತ್ತಾರೆ. ಅದು ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟಿನ ಕಾಲ. ಹತ್ತು ಹನ್ನೆರಡು ಜನ ಸೇರಿ ಲೀಗ್ ಕಟ್ಟುವುದು, ಎನ್‌ಎಫ್‌ಎಲ್ ಎಂಬ ಅಮೆರಿಕನ್ ಫುಟ್‌ಬಾಲ್ ಲೀಗಿನ ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುವುದು, ಅವರು ಮೈದಾನದಲ್ಲಿ ಮೂಳೆ ಮುರಿದುಕೊಂಡು ಗಳಿಸಿದ್ದನ್ನು ನಾವು ಸೋಫಾದ ಮೇಲೆ ಕೂತು ನಮ್ಮ ಖಾತೆಗೆ ಜಮಾ ಮಾಡಿಕೊಳ್ಳುವುದು. 1962ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಗೆಳೆಯರ ಜೊತೆ ಕೂತು ಇದರ ನಿಯಮ ಬರೆದಾಗ ಲೆಕ್ಕವೆಲ್ಲ ಕೈಯಲ್ಲೇ. ಈಗ ಲೆಕ್ಕ ಫೋನಿನದು, ತಲೆಬಿಸಿ ಮಾತ್ರ ನಮ್ಮದು.

ಆ ತಲೆಬಿಸಿಯಲ್ಲಿ ದೊಡ್ಡ ಪಾಲು ರನ್ನಿಂಗ್ ಬ್ಯಾಕ್‌ಗಳದು. ಚೆಂಡು ಅವುಚಿಕೊಂಡು ಆನೆಯಂಥ ಆಳುಗಳ ನಡುವೆ ನುಗ್ಗುವವರು ಇವರು. ಹತ್ತು ಯಾರ್ಡಿಗೆ ಒಂದು ಅಂಕ, ಟಚ್‌ಡೌನಿಗೆ, ಅಂದರೆ ಚೆಂಡನ್ನು ಎದುರಾಳಿಯ ಕಡೆಯ ಗೆರೆ ದಾಟಿಸಿದ್ದಕ್ಕೆ, ಆರು. ಎಷ್ಟೋ ಲೀಗುಗಳಲ್ಲಿ ಪಾಸ್ ಹಿಡಿದರೆ, ಹಿಡಿದ ಪುಣ್ಯಕ್ಕೇ ಇನ್ನೊಂದು. ಹಿಂದೆ ಒಂದು ತಂಡಕ್ಕೆ ಒಬ್ಬ ರನ್ನಿಂಗ್ ಬ್ಯಾಕ್ ಸಾಕಿತ್ತು. ವಾರವಾರವೂ ಅಷ್ಟು ಏಟು ತಿಂದವನು ಬೇಗ ಸವೆಯುತ್ತಾನೆಂದು ಈಗ ಕೋಚುಗಳು ಇಬ್ಬರಿಗೆ ಕೆಲಸ ಹಂಚುತ್ತಾರೆ. ಇದಕ್ಕೆ ಅಲ್ಲಿಯವರು ಕಮಿಟಿ ಅಂತಾರೆ. ಕಮಿಟಿ ಅಂದಮೇಲೆ ದುಡಿದವರು ಯಾರು, ಹಾರ ಹಾಕಿಸಿಕೊಂಡವರು ಯಾರು ಎಂಬ ತಕರಾರು ಇದ್ದದ್ದೇ.

ಇಬ್ಬರು ಸೊಸೆಯರಿರುವ ಅಡುಗೆಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗಿನಿಂದ ಹೆಚ್ಚಿ, ರುಬ್ಬಿ, ಕುದಿಸಿದವಳು ಒಬ್ಬಳು. ಕೊನೇ ಗಳಿಗೆಯಲ್ಲಿ ಬಂದು ಒಗ್ಗರಣೆ ಹಾಕಿ ಮಾವನವರ ಕೈಲಿ ಭೇಷ್ ಅನ್ನಿಸಿಕೊಂಡವಳು ಇನ್ನೊಬ್ಬಳು. ಫ್ಯಾಂಟಸಿಯಲ್ಲಿ ಅಂಕ ಒಗ್ಗರಣೆಗೇ ಹೆಚ್ಚು. ಅರವತ್ತು ಯಾರ್ಡ್ ಬೆವರು ಹರಿಸಿ ಗೆರೆಯ ಹತ್ತಿರ ಚೆಂಡು ತಂದವನಿಗೆ ಆರು ಅಂಕ. ಅಲ್ಲಿಂದ ಒಂದೇ ಯಾರ್ಡ್ ನುಗ್ಗಿದವನಿಗೆ ಆರೂ ಚಿಲ್ಲರೆ.

ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ನನ್ನ ಷಡ್ಡಕರಿದ್ದಾರೆ. ಕಾರು ಕಂಪನಿಯಲ್ಲಿ ಕೆಲಸ, ಲಯನ್ಸ್ ತಂಡದ ಮೇಲೆ ಪ್ರಾಣ. 2024ರ ಡ್ರಾಫ್ಟಿಗೆ ಮೊದಲು ಫೋನು ಮಾಡಿದರು: “ಏನ್ರೀ, ನಮ್ಮ ಲಯನ್ಸ್ ರನ್ನಿಂಗ್ ಬ್ಯಾಕ್ ಗಿಬ್ಸ್ ಹೋದ ವರ್ಷ 182 ಸಲ ಓಡಿ 945 ಯಾರ್ಡ್ ಹೊಡ್ದಿದಾನೆ. ಮುನ್ನೂರು ಸಲ ಓಡಿಸಿದ್ರೆ ಸಾವಿರದೈನೂರು ದಾಟ್ತಾನೆ. ಲೆಕ್ಕ ಹಾಕಿ ನೋಡಿ!”

ಈ ಗುಣಾಕಾರ ಇದೆಯಲ್ಲ, ಇದೇ ಮನೆ ಹಾಳು ಮಾಡುವುದು. ಡಲ್ಲಾಸ್‌ನ ಕಥೆ ಹೇಳಿದೆ. 2022ರಲ್ಲಿ ಅಲ್ಲಿ ಟೋನಿ ಪೊಲಾರ್ಡ್ ಮತ್ತು ಎಝೀಕಿಯಲ್ ಎಲಿಯಟ್ ಜೋಡಿ. ಪೊಲಾರ್ಡ್ 193 ಸಲ ಓಡಿ 1007 ಯಾರ್ಡ್. ಎಲಿಯಟ್ 231 ಸಲ ಓಡಿಯೂ 876. ಆದರೆ ಗೆರೆಯ ಹತ್ತಿರದ ಕೆಲಸ ಎಲಿಯಟ್‌ನದು, ಹಾಗಾಗಿ ಓಡಿ ಗಳಿಸಿದ ಟಚ್‌ಡೌನ್ ಅವನಿಗೆ ಹನ್ನೆರಡು, ಇವನಿಗೆ ಒಂಬತ್ತು. ಮರುವರ್ಷ ಎಲಿಯಟ್‌ನನ್ನು ಕಳಿಸಿದರು. ಪೊಲಾರ್ಡ್‌ಗೆ ಇಡೀ ಅಡುಗೆಮನೆ ಸಿಕ್ಕಿತು ಎಂದು ಫ್ಯಾಂಟಸಿ ಮಂದಿ ಮುಗಿಬಿದ್ದರು. ಆದದ್ದೇನು? 252 ಓಟ, 1005 ಯಾರ್ಡ್, ಟಚ್‌ಡೌನ್ ಆರು. 59 ಸಲ ಹೆಚ್ಚು ಓಡಿ ಎರಡು ಯಾರ್ಡ್ ಕಡಿಮೆ! ಆ ಜನವರಿಯಲ್ಲಿ ಅವನ ಕಾಲು ಮುರಿದಿತ್ತು, ನಿಜ. ಆದರೂ ದಣಿದ ಎದುರಾಳಿಗಳ ಮೇಲೆ ತಾಜಾ ಕಾಲಿನಲ್ಲಿ ಓಡುವುದೇ ಬೇರೆ, ಮೊದಲ ನಿಮಿಷದಿಂದ ಗುದ್ದಿಸಿಕೊಳ್ಳುವುದೇ ಬೇರೆ.

ಷಡ್ಡಕರು ಕೇಳಲಿಲ್ಲ, ಗಿಬ್ಸ್‌ನನ್ನೇ ತೆಗೆದುಕೊಂಡರು. ಆ ವರ್ಷ ಗಿಬ್ಸ್ 1412 ಯಾರ್ಡ್ ಓಡಿದ, ಒಟ್ಟು ಇಪ್ಪತ್ತು ಟಚ್‌ಡೌನ್. ಕೊನೆಯ ಪಂದ್ಯದಲ್ಲಿ ಮಿನೆಸೋಟಾ ಮೇಲೆ ಒಬ್ಬನೇ ನಾಲ್ಕು. ಷಡ್ಡಕರ ಫೋನು ಮತ್ತೆ ಬಂತು, ಈ ಸಲ ಲೆಕ್ಕ ಹೇಳಲಿಕ್ಕಲ್ಲ, ನಗಲಿಕ್ಕೆ.

ನಗಲಿ. ಅವರು ಗೆದ್ದದ್ದು ಗುಣಾಕಾರದಿಂದಲ್ಲ. ಡಿಸೆಂಬರಿನಲ್ಲಿ ಗಾಯವಾಗುವವರೆಗೆ ಗಿಬ್ಸ್‌ನ ಜೋಡಿ ಡೇವಿಡ್ ಮಾಂಟ್‌ಗೊಮರಿ ಅಲ್ಲೇ ಇದ್ದ, ಅವನೂ ಹನ್ನೆರಡು ಟಚ್‌ಡೌನ್ ಹೊಡೆದ. ಲಯನ್ಸ್ ಆ ವರ್ಷ 564 ಅಂಕ ಗಳಿಸಿ ಇಡೀ ಲೀಗಿಗೇ ಮೊದಲು. ಪಾತ್ರೆ ತುಂಬಿದ ಮನೆಯಲ್ಲಿ ಪಾಲೂ ದೊಡ್ಡದೇ. ಬಡ ತಂಡದ ಒಂಟಿ ಓಟಗಾರನಿಗಿಂತ ಇಂಥ ತಂಡದ ಅರ್ಧ ಓಟಗಾರ ವಾಸಿ. ಡ್ರಾಫ್ಟಿನಲ್ಲಿ ಮಾಂಟ್‌ಗೊಮರಿ ಗಿಬ್ಸ್‌ಗಿಂತ ಎಷ್ಟೋ ಸುತ್ತು ಕೆಳಗೆ ಸಿಗುತ್ತಿದ್ದ. ಕೊಟ್ಟ ಬೆಲೆಗೆ ನೋಡಿದರೆ ನನಗೆ ಅವನೇ ಇಷ್ಟ.

ಕ್ಯಾಚಿನ ವಿಷಯ ಬೇರೆ. 2017ರಲ್ಲಿ ನ್ಯೂ ಆರ್ಲಿಯನ್ಸ್ ತಂಡ ಮೂವರನ್ನು ಇಟ್ಟುಕೊಂಡು ಶುರುಮಾಡಿತ್ತು: ಹಳೆಯ ಹುಲಿ ಏಡ್ರಿಯನ್ ಪೀಟರ್ಸನ್, ಮಾರ್ಕ್ ಇಂಗ್ರಮ್, ಜೊತೆಗೆ ಎನ್‌ಎಫ್‌ಎಲ್‌ನ ಅಸಲಿ ಡ್ರಾಫ್ಟಿನ ಮೂರನೇ ಸುತ್ತಿನಲ್ಲಿ ಬಂದ ಹೊಸ ಹುಡುಗ ಆಲ್ವಿನ್ ಕಮಾರಾ. ಅಕ್ಟೋಬರಿನಲ್ಲಿ ಪೀಟರ್ಸನ್‌ನನ್ನು ಅರಿಜೋನಾಕ್ಕೆ ಸಾಗಹಾಕಿದರು. ಕಮಾರಾ ಆ ವರ್ಷ ಓಡಿದ್ದು 120 ಸಲ, ಇಂಗ್ರಮ್ 230. ಆದರೆ ಕಮಾರಾ ಹಿಡಿದ ಪಾಸು 81. ಓಟ, ಪಾಸು ಎರಡೂ ಸೇರಿ ಇಬ್ಬರೂ ತಲಾ ಸಾವಿರದೈನೂರು ಯಾರ್ಡ್ ದಾಟಿದರು. ಒಂದೇ ತಂಡದ ಇಬ್ಬರು ರನ್ನಿಂಗ್ ಬ್ಯಾಕ್‌ಗಳು ಹಾಗೆ ದಾಟಿದ್ದು ಎನ್‌ಎಫ್‌ಎಲ್‌ನಲ್ಲಿ ಅದೇ ಮೊದಲು. ಕ್ಯಾಚಿಗೆ ಅಂಕವಿರುವ ಲೀಗಿನಲ್ಲಿ ಅರ್ಧ ಓಡಿದವನೇ ಮುಂದೆ. ತಂಡ ಹಿಂದೆ ಬಿದ್ದಾಗ ಓಟ ನಿಲ್ಲುತ್ತದೆ, ಪಾಸು ನಿಲ್ಲುವುದಿಲ್ಲ, ನೋಡಿ.

ಇಷ್ಟೆಲ್ಲ ಅಳೆದು ಸುರಿದರೂ ಕೋಚ್ ಎಂಬ ಪ್ರಾಣಿ ಒಂದು ಉಳಿಯುತ್ತದೆ. 2014ರ ನವೆಂಬರ್ 16ರಂದು ನ್ಯೂ ಇಂಗ್ಲೆಂಡ್‌ನ ಜೋನಸ್ ಗ್ರೇ ಎಂಬಾತ ಇಂಡಿಯಾನಾಪೊಲಿಸ್ ಮೇಲೆ 37 ಸಲ ಓಡಿ 201 ಯಾರ್ಡ್, ನಾಲ್ಕು ಟಚ್‌ಡೌನ್ ಹೊಡೆದ. ಅಲ್ಲಿಯವರೆಗೆ ಅವನ ಹೆಸರು ಕೇಳದಿದ್ದವರೆಲ್ಲ ನಾ ಮುಂದು ತಾ ಮುಂದು ಅಂತ ಅವನನ್ನು ತಂಡಕ್ಕೆ ಸೇರಿಸಿಕೊಂಡರು. ಅದೇ ವಾರ ಫೋನಿನ ಬ್ಯಾಟರಿ ಸತ್ತು ಅಲಾರಂ ಹೊಡೆಯಲಿಲ್ಲ, ಮಹಾಶಯ ಅಭ್ಯಾಸಕ್ಕೆ ತಡವಾಗಿ ಹೋದ. ಕೋಚ್ ಬಿಲ್ ಬೆಲಿಚಿಕ್ ಮುಂದಿನ ಪಂದ್ಯದಲ್ಲಿ ಅವನ ಕೈಗೆ ಚೆಂಡನ್ನೇ ಕೊಡಲಿಲ್ಲ. ಆ ವಾರ ಸೋತ ಫ್ಯಾಂಟಸಿ ಯಜಮಾನರ ಶಾಪ ಯಾರಿಗೆ ತಟ್ಟಬೇಕು, ಕೋಚಿಗೋ ಚಾರ್ಜರಿಗೋ?

ಹಾಗಾಗಿ ಜೋಡಿಯಲ್ಲಿ ಯಾರು ಚೆನ್ನಾಗಿ ಓಡುತ್ತಾರೆ ಎಂದು ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ಗೆರೆಗೆ ಐದು ಯಾರ್ಡಿರುವಾಗ ಮೈದಾನದಲ್ಲಿ ಯಾರಿದ್ದಾರೆ, ಪಾಸ್ ಯಾರ ಕಡೆ ಬರುತ್ತದೆ, ಅವರಲ್ಲಿ ಯಾರು ಅಗ್ಗಕ್ಕೆ ಸಿಗುತ್ತಾರೆ, ಇಷ್ಟನ್ನೇ ನೋಡುವುದು. ನೀವೂ ಡ್ರಾಫ್ಟಿಗೆ ಕೂರುವವರಾದರೆ ಮೊದಲು ನಿಮ್ಮ ಲೀಗಿನಲ್ಲಿ ಕ್ಯಾಚಿಗೆ ಒಂದು ಅಂಕವೋ, ಅರ್ಧವೋ, ಸೊನ್ನೆಯೋ ವಿಚಾರಿಸಿಕೊಳ್ಳಿ. ಎಷ್ಟೋ ಜನ ಅದನ್ನು ಮೂರನೇ ವಾರದಲ್ಲಿ ವಿಚಾರಿಸುತ್ತಾರೆ.