ತಪ್ಪು ಬ್ಯಾಟರಿಯದಲ್ಲ

ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ ನಮ್ಮಲ್ಲಿ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ತಳ್ಳಿಕೊಡಲು ಬಂದವರೆಲ್ಲ "ಬ್ಯಾಟ್ರಿ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ" ಅನ್ನುತ್ತಾರೆ. ಹಾಕಿಸಿದ್ದೂ ಆಯಿತು, ದುಡ್ಡು ಖರ್ಚಾದದ್ದೂ ಆಯಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಸೆಲ್ಫ್ ಹೊಡೆದರೆ ಮತ್ತೆ ಅದೇ ಕಟಕಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ. ಎಷ್ಟೋ ಸಲ ಜ್ವರ ಬಂದಿರುವುದು ಆಲ್ಟರ್ನೇಟರಿಗೆ.

ಬ್ಯಾಟರಿಯ ಮುಖ್ಯ ಕೆಲಸ ಎಂಜಿನ್ನನ್ನು ಎಬ್ಬಿಸುವುದು. ಎದ್ದ ಮೇಲೆ ಹೆಡ್‌ಲೈಟು, ವೈಪರು, ಹಾರನ್ನು, ಪ್ಲಗ್ಗಿನ ಕಿಡಿ ಎಲ್ಲಕ್ಕೂ ಕರೆಂಟು ಕೊಟ್ಟು, ಬ್ಯಾಟರಿ ಕಳಕೊಂಡದ್ದನ್ನೂ ತುಂಬಿಕೊಡುವುದು ಎಂಜಿನ್ ಪಕ್ಕದಲ್ಲಿ ಬೆಲ್ಟಿನಿಂದ ತಿರುಗುವ ಈ ಆಲ್ಟರ್ನೇಟರ್. ಶಿವನಸಮುದ್ರದಲ್ಲಿ ಕಾವೇರಿ ಮಾಡಿದ ಕೆಲಸವೂ ಇದೇ ತತ್ವದ್ದು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅಲ್ಲಿ ತಿರುಗಿಸುವುದು ನೀರು, ಇಲ್ಲಿ ಬೆಲ್ಟು.

ಹಾಗಿದ್ದರೂ ಕಾರುಗಳು ಬಹುಕಾಲ ಡಿಸಿ ಡೈನಮೋವನ್ನೇ ನಂಬಿಕೊಂಡಿದ್ದವು. ಆಲ್ಟರ್ನೇಟರ್ ಹುಟ್ಟಿಸುವುದು ಎಸಿ. ಬ್ಯಾಟರಿಗೆ ಬೇಕಾದದ್ದು ಡಿಸಿ. ನಡುವೆ ನಿಂತು ಅದನ್ನು ತಿದ್ದುವ ಸಿಲಿಕಾನ್ ಡಯೋಡು ಅಗ್ಗವಾಗಿ ಸಿಗುವವರೆಗೂ ಕಾಯಬೇಕಾಯಿತು. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು. ಸಿಗ್ನಲ್ಲಿನಲ್ಲಿ ಎಂಜಿನ್ ನಿಧಾನವಾಗಿ ಓಡುತ್ತಿರುವಾಗಲೂ ಸಾಕಷ್ಟು ಕರೆಂಟು ಕೊಡುವ ಗುಣ ಇದರದ್ದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೈಟು, ಏರ್ ಕಂಡೀಷನರ್ ಹಾಕಿಕೊಂಡು ನಿಲ್ಲುವವರೆಲ್ಲ ಇದಕ್ಕೆ ಋಣಿಗಳು.

ನಮ್ಮ ಭಾವನ ಹಳೆಯ ಮಾರುತಿ 800 ಹೀಗೇ ಮುಷ್ಕರ ಹೂಡಿತ್ತು. ಅವರು ಬ್ಯಾಟರಿ ಅಂಗಡಿಗೆ ಹೊರಟಿದ್ದರು. "ಭಾವ, ಒಂದು ನಿಮಿಷ. ಮೊದಲು ಮೀಟರ್ ಹಿಡಿದು ನೋಡೋಣ" ಅಂದೆ. ಎಂಜಿನ್ ಆಫ್ ಇದ್ದಾಗ ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದು 14ರ ಆಸುಪಾಸಿಗೆ ಏರಬೇಕು. ತಳ್ಳಿ ಸ್ಟಾರ್ಟ್ ಮಾಡಿದರೂ ನಮ್ಮ ಮೀಟರಿನ ಅಂಕಿ 12ರಿಂದ ಮೇಲೇಳಲಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪವೂ ಆರಲಿಲ್ಲ. ಬೆಲ್ಟು, ವೈರು ಎರಡೂ ಗಟ್ಟಿಯಾಗಿದ್ದವು. ಇನ್ನು ಬಿಚ್ಚುವುದೊಂದೇ ದಾರಿ.

ಬಿಚ್ಚುವುದಕ್ಕೊಂದು ಕ್ರಮ ಉಂಟು. ಎಂಜಿನ್ ನಿಲ್ಲಿಸಿ, ಮೊದಲು ಬ್ಯಾಟರಿಯ ನೆಗೆಟಿವ್ ವೈರು ತೆಗೆಯಬೇಕು. ಆಲ್ಟರ್ನೇಟರಿನ ಹಿಂದಿನ ದಪ್ಪ ವೈರು ನೇರ ಬ್ಯಾಟರಿಯಿಂದ ಬಂದದ್ದು, ಕೀ ತೆಗೆದರೂ ಅದರಲ್ಲಿ ಕರೆಂಟು ಇದ್ದೇ ಇರುತ್ತದೆ. ಅದರ ನಟ್ಟಿಗೆ ಹಾಕಿದ ಸ್ಪ್ಯಾನರು ಕಾರಿನ ಲೋಹದ ಮೈಗೆ ತಾಗಿದರೆ ಕಿಡಿ ಹಾರಿ ಕೈ ಸುಡುತ್ತದೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರು ಕಿತ್ತು ಪರೀಕ್ಷೆ ಮಾಡುವವರೂ ಇದ್ದಾರೆ. ದಯವಿಟ್ಟು ಬೇಡ. ವೋಲ್ಟೇಜು ಜಿಗಿದು ಡಯೋಡೂ ಹೋದೀತು, ಕಾರಿನ ಕಂಪ್ಯೂಟರೂ ಹೋದೀತು. ನೆಗೆಟಿವ್ ತೆಗೆದ ಮೇಲೆ ಹಿಂದಿನ ವೈರುಗಳನ್ನು ಬಿಡಿಸಿ, ಬೋಲ್ಟು ಸಡಿಲಿಸಿ, ಬೆಲ್ಟು ಇಳಿಸಿ, ಕೆಳಗೊಂದು ಕೈ ಕೊಟ್ಟು ಹೊರತೆಗೆಯಬೇಕು.

ತೆಗೆದದ್ದನ್ನು ಮೊಹಲ್ಲಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆವು. ಹಿಂಬದಿ ಬಿಚ್ಚಿ ಊದಿದರು, ಮಸಿಯಂಥ ಕಪ್ಪು ಪುಡಿ ಹಾರಿತು. ಕಾರ್ಬನ್ ಬ್ರಷ್ಷುಗಳು ಸವೆದು ಕಡ್ಲೆಬೇಳೆಯಷ್ಟಾಗಿದ್ದವು. ಹಿಂದಿನ ಸ್ಪ್ರಿಂಗು ಎಷ್ಟು ಒತ್ತಿದರೂ ರೋಟರಿನ ತಾಮ್ರದ ಬಳೆಗೆ ಮುಟ್ಟುತ್ತಿರಲಿಲ್ಲ. ಅವು ಮುಟ್ಟದಿದ್ದರೆ ಒಳಗಿನ ರೋಟರಿಗೆ ಕರೆಂಟು ಇಲ್ಲ, ಅಯಸ್ಕಾಂತ ಏಳುವುದಿಲ್ಲ, ಎಷ್ಟು ತಿರುಗಿದರೂ ಫಲವಿಲ್ಲ. "ವೈಂಡಿಂಗ್ ಚೆನ್ನಾಗೈತೆ ಸಾರ್, ಇದನ್ಯಾಕೆ ಎಸೀತೀರಾ?" ಅಂತ ಹೊಸ ಬ್ರಷ್ಷು ಬೆಸುಗೆ ಹಾಕಿ, ಬೇರಿಂಗನ್ನು ಕಿವಿಯ ಹತ್ತಿರ ತಿರುಗಿಸಿ ಕೇಳಿ, ಅದನ್ನೂ ಬದಲಿಸಿದರು. ಹೊಸ ಆಲ್ಟರ್ನೇಟರಿನ ಬೆಲೆಯ ಮುಂದೆ ಆ ಖರ್ಚು ಏನೇನೂ ಅಲ್ಲ.

ಮರಳಿ ಕೂರಿಸುವಾಗ ಬೆಲ್ಟಿನ ಬಿಗಿ ಮುಖ್ಯ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿಗಿಂತ ತುಸು ಕಡಿಮೆ ಬಾಗಬೇಕು. ಸಡಿಲವಾದರೆ ಜಾರಿ ಕಿರುಚುತ್ತದೆ, ಬಿಗಿ ಜಾಸ್ತಿಯಾದರೆ ಬೇರಿಂಗ್ ತಿನ್ನುತ್ತದೆ. ನೆಗೆಟಿವ್ ವೈರು ಕೊನೆಗೆ. ಸ್ಟಾರ್ಟ್ ಮಾಡಿದರೆ ಮೀಟರು 14.1 ತೋರಿಸಿತು, ಕೆಂಪು ದೀಪ ಆರಿತು.

ಈಗಿನ ಹಲವು ಕಾರುಗಳಲ್ಲಿ ಆಲ್ಟರ್ನೇಟರಿಗೆ ಕೈ ಹೋಗುವುದೇ ಕಷ್ಟ, ಅಂಥದನ್ನು ಗ್ಯಾರೇಜಿಗೇ ಬಿಡುವುದು ಒಳ್ಳೆಯದು. ಅಳೆಯುವುದನ್ನು ಮಾತ್ರ ಯಾರಾದರೂ ಮಾಡಬಹುದು. ಕೆಲವು ನೂರು ರೂಪಾಯಿಯ ಮೀಟರೊಂದು ಮನೆಯಲ್ಲಿರಲಿ, ಬ್ರಷ್ಷು ಬದಲಿಸಿಕೊಡುವ ಎಲೆಕ್ಟ್ರಿಷಿಯನ್ನರ ಪರಿಚಯವೂ ಇರಲಿ. ಇಡೀ ಯಂತ್ರವನ್ನೇ ಗುಜರಿಗೆ ಹಾಕುವ ಈ ಕಾಲದಲ್ಲಿ, ಸವೆದದ್ದು ಯಾವುದು, ಸವೆಯದೇ ಉಳಿದದ್ದು ಯಾವುದು ಅಂತ ಬಿಡಿಸಿ ಹೇಳಬಲ್ಲವರು ಅವರು. ಅವರ ಅಂಗಡಿಗಳು ನಡೆಯಬೇಕಾದರೆ ನಾವು ಅಲ್ಲಿಗೆ ಹೋಗುತ್ತಿರಬೇಕು.