ಬೀಸಿದರೆ ಗುಂಯ್‌ಗುಡುವ ಕತ್ತಿ

ಆಯುಧದ ಮಾತು ತೀರ್ಥಹಳ್ಳಿಗೆ ಹಳೆಯದು. ತಾಯಿಯ ತಲೆ ಕಡಿದ ಪರಶುರಾಮನ ಕೊಡಲಿಗೆ ಅಂಟಿದ ನೆತ್ತರ ಕಲೆ ಎಲ್ಲಿ ತೊಳೆದರೂ ಹೋಗದೆ, ಕೊನೆಗೆ ಇಲ್ಲಿಯ ತುಂಗೆಯಲ್ಲಿ ಹೋಯಿತಂತೆ. ಎಳ್ಳಮಾವಾಸ್ಯೆಯ ದಿನ ಆ ರಾಮತೀರ್ಥದಲ್ಲಿ ಮುಳುಗು ಹಾಕಿ ಜಾತ್ರೆಯ ಅಂಗಡಿಸಾಲಿಗೆ ಬಂದರೆ, ಮಕ್ಕಳ ಕಣ್ಣೆಲ್ಲ ಮಿಣಮಿಣ ಮಿನುಗುವ ಪ್ಲಾಸ್ಟಿಕ್ ಕತ್ತಿಯ ಮೇಲೆ. ಗುಂಡಿ ಒತ್ತಿದರೆ ಬೆಳಕು, ಜೊತೆಗೊಂದು ಶಬ್ದ. ಬೀಸಿದರೂ ಅದೇ ಶಬ್ದ, ಸುಮ್ಮನೆ ಹಿಡಿದುಕೊಂಡರೂ ಅದೇ. ಕೈ ಏನು ಮಾಡುತ್ತಿದೆ ಎಂಬುದು ಆ ಕತ್ತಿಗೆ ಗೊತ್ತೇ ಇಲ್ಲ. ಮಗು ಬೇಗ ಬೇಸತ್ತು ಮೂಲೆಗೆಸೆದರೆ ತಪ್ಪು ಮಗುವಿನದಲ್ಲ.

ಎಲೆಕ್ಟ್ರಾನಿಕ್ಸ್ ಓದುತ್ತಿರುವ ನಮ್ಮಣ್ಣನ ಮಗ ಈ ಸಲದ ಮಳೆಗಾಲದಲ್ಲಿ 'ಸ್ಟಾರ್ ವಾರ್ಸ್' ಸಿನಿಮಾದ ಬೆಳಕಿನ ಕತ್ತಿಯನ್ನು ಮನೆಯಲ್ಲೇ ಮಾಡಲು ಕೂತ. ಹಿಡಿಕೆಗೆ ತೋಟದ ಸ್ಪ್ರಿಂಕ್ಲರ್ ಕೆಲಸದಲ್ಲಿ ಉಳಿದ ಪಿವಿಸಿ ಪೈಪು. ಅಲಗಿಗೆ ಮಸುಕು ಬಿಳಿಯ ಪಾಲಿಕಾರ್ಬೊನೇಟ್ ಕೊಳವೆ, ಅದರೊಳಗೆ ಡಬ್ಲ್ಯುಎಸ್ 2812 ಎಂಬ ಎಲ್‌ಇಡಿ ಪಟ್ಟಿ. ಈ ಪಟ್ಟಿಯ ಒಂದೊಂದು ದೀಪದಲ್ಲೂ ಪುಟ್ಟ ಚಿಪ್ ಇರುವುದರಿಂದ ಬೆಳಕನ್ನು ಹಿಡಿಕೆಯಿಂದ ತುದಿಯವರೆಗೆ ಓಡಿಸಬಹುದು. ಮೀಟರಿಗೆ 144 ದೀಪ. ಪೂರ್ತಿ ಬಿಳಿಯಾಗಿ ಉರಿಸಿದರೆ ಒಂದೊಂದೂ ಸುಮಾರು 60 ಮಿಲಿ ಆಂಪಿಯರ್ ಎಳೆದು, ಒಟ್ಟು ಎಂಟೂವರೆ ಆಂಪಿಯರ್ ದಾಟುತ್ತದೆ. ನೀಲಿಯೊಂದನ್ನೇ ಉರಿಸಿದರೆ ಅದರ ಮೂರನೆಯ ಒಂದು ಪಾಲು ಸಾಕು. ಬಲ 18650 ಲಿಥಿಯಂ ಬ್ಯಾಟರಿಯದು. ಅದು ಶಾರ್ಟ್ ಆದರೆ ಬೆಂಕಿ. ಹಾಗಾಗಿ ರಕ್ಷಣೆಯ ಸರ್ಕ್ಯೂಟಿಗೂ ಫ್ಯೂಸಿಗೂ ಹಣ ಹಾಕಲೇಬೇಕು. ನಮ್ಮ ಕಡೆಯ ಥಂಡಿಗೆ ತಾಮ್ರ ಕಿಲುಬುಗಟ್ಟುವುದೂ ಬೇಗ, ಬೆಸುಗೆಯ ಮೇಲೆ ವಾರ್ನಿಶ್ ಬಳಿಯುವುದು ಒಳ್ಳೆಯದು.

ಬೆಳಕಿನ ಕೆಲಸ ಇಷ್ಟಕ್ಕೆ ಮುಗಿಯಿತು. ಕಷ್ಟದ್ದು ಶಬ್ದ.

1977ರ ಆ ಚಿತ್ರಕ್ಕೆ ಶಬ್ದ ಕಟ್ಟಿದ ಬೆನ್ ಬರ್ಟ್, ಸಿನಿಮಾ ಪ್ರೊಜೆಕ್ಟರಿನ ಮೋಟಾರಿನ ಗುಂಯ್ ಎಂಬ ನಾದಕ್ಕೆ ಟಿವಿಯ ಪಿಕ್ಚರ್ ಟ್ಯೂಬಿನ ಹತ್ತಿರ ಮೈಕ್ ಹಿಡಿದಾಗ ಸಿಕ್ಕ ಝೇಂಕಾರವನ್ನು ಬೆರೆಸಿದರು. ಬೀಸುವ ಸದ್ದು ಹೇಗೆ? ಆ ಮಿಶ್ರಣವನ್ನು ಸ್ಪೀಕರಿನಲ್ಲಿ ಹಾಕಿ, ಅದರ ಮುಂದೆ ಮೈಕನ್ನು ಕತ್ತಿಯಂತೆ ಬೀಸಿದರು. ಹತ್ತಿರ ಬಂದಾಗ ಸ್ವರ ಏರಿತು, ದೂರ ಸರಿದಾಗ ಇಳಿಯಿತು. ಎಂಥ ಸರಳ ಉಪಾಯ! ಯಂತ್ರದ ಸದ್ದಿಗೆ ಮನುಷ್ಯನ ತೋಳಿನ ಲಯ ಸೇರಿದ್ದು ಅಲ್ಲಿ.

ಹುಡುಗ ಮೊದಲು ಜೋಡಿಸಿದ್ದು ಡಿಎಫ್ ಪ್ಲೇಯರ್ ಎಂಬ ಅಗ್ಗದ ಮಾಡ್ಯೂಲು. ಬೀಸಿದ್ದನ್ನು ಅರಿಯಲು ಎಂಪಿಯು 6050 ಎಂಬ ಗೈರೊಸ್ಕೋಪ್ ಚಿಪ್. ಆದರೆ ಆ ಪ್ಲೇಯರು ಒಂದು ಸಲಕ್ಕೆ ಒಂದೇ ಧ್ವನಿ ನುಡಿಸುತ್ತದೆ. ಬೀಸಿದ ಸದ್ದು ಹೊರಡಬೇಕಾದರೆ ಹಿಂದಿನ ಗುಂಯ್‌ನಾದ ನಿಲ್ಲಬೇಕು, ಹೊರಡುವುದೂ ಒಂದು ಗಳಿಗೆ ತಡ. ಅಷ್ಟರಲ್ಲಿ ಕೈ ಬೀಸಿ ಮುಗಿದಿರುತ್ತದೆ.

"ಚಿಕ್ಕಪ್ಪಾ, ಅರ್ಧ ಸೆಕೆಂಡೂ ಇಲ್ಲ, ಯಾರಿಗೆ ತಿಳಿಯುತ್ತೆ?" ಅಂದ.

ಎಲ್ಲರಿಗೂ ತಿಳಿಯುತ್ತದೆ. ಯಕ್ಷಗಾನ ನೋಡಿ ಬೆಳೆದ ನಮ್ಮ ಸೀಮೆಯಲ್ಲಂತೂ ಖಂಡಿತ. ಬಡಗುತಿಟ್ಟಿನ ಯುದ್ಧದಲ್ಲಿ ವೇಷಧಾರಿಯ ಕೈಲಿರುವುದು ಬರೀ ಮರದ ಕತ್ತಿ. ಅದು ಗಾಳಿ ಸೀಳಿದ್ದು, ತಾಗಿದ್ದು, ಹಿಂದೆ ಸರಿದದ್ದು ಎಲ್ಲವೂ ನಮಗೆ ಕೇಳುವುದು ಚಂಡೆಯಲ್ಲಿ. ಚಂಡೆಯವರು ವೇಷದ ಹೆಜ್ಜೆಯಿಂದ, ತೋಳಿನಿಂದ ಕಣ್ಣು ಕೀಳುವುದಿಲ್ಲ. ತೋಳು ಎದ್ದಾಗಲೇ ಉರುಳಿಕೆ ಶುರುವಾಗಿರುತ್ತದೆ, ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಕೋಲು ಬೀಳುತ್ತದೆ. ಒಂದು ಎಳೆ ತಪ್ಪಿದರೂ ಭೀಮನ ಗದೆ ಬರೀ ಮರದ ತುಂಡು. ರಾಕ್ಷಸವೇಷ ಬರುವಾಗ ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭುಗ್ಗೆನ್ನಿಸುವುದೂ ಹೀಗೆಯೇ. ತಡವಾಗಿ ಎರಚಿದರೆ ಉಳಿಯುವುದು ಹೊಗೆ. ಬೆಳಕು ಹೆಚ್ಚಿಸಲು ಹಣ ಸುರಿಯುವ ಹುಡುಗರಿಗೆಲ್ಲ ನಾನು ಹೇಳುವುದು ಒಂದೇ: ಮೊದಲು ಹೊತ್ತು ಸರಿಮಾಡಿಕೊಳ್ಳಿ.

ಈಗ ಅವನು ಇಎಸ್‌ಪಿ 32 ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿಗೆ ಬಂದಿದ್ದಾನೆ. ಗುಂಯ್‌ನಾದವನ್ನೂ ಬೀಸುವ ಸದ್ದನ್ನೂ ನಿಲ್ಲಿಸದೆ ಒಟ್ಟಿಗೆ ಓಡಿಸಿ, ಬೀಸುವ ಸದ್ದನ್ನು ಮಾತ್ರ ಸೊನ್ನೆಗೆ ಇಳಿಸಿಟ್ಟಿರುತ್ತಾನೆ. ಗೈರೊ ಹೇಳುವ ವೇಗಕ್ಕೆ ತಕ್ಕಂತೆ ಅದು ಏರುತ್ತದೆ. ಹೊಸದಾಗಿ ಶುರುವಾಗಬೇಕಾದ್ದು ಏನೂ ಇಲ್ಲವಾದ್ದರಿಂದ ತಡವೂ ಇಲ್ಲ. ಮೆಲ್ಲಗೆ ಆಡಿಸಿದರೆ ಮೆಲ್ಲನೆ, ರಭಸಕ್ಕೆ ರಭಸ. ಇನ್ನು ಉಳಿದಿರುವುದು ಕತ್ತಿಗೆ ಕತ್ತಿ ತಾಗುವ ಸದ್ದು. ಎಷ್ಟು ಜೋರಿನ ಅಲುಗಾಟವನ್ನು ಪೆಟ್ಟು ಎನ್ನಬೇಕು ಎಂದು ಲೆಕ್ಕ ಹಾಕುತ್ತಿದ್ದಾನೆ. ದೀಪಾವಳಿ ಕಳೆದು ಮೇಳಗಳು ತಿರುಗಾಟ ಹೊರಟ ಮೇಲೆ ಅವನನ್ನು ಆಟಕ್ಕೆ ಕರೆದೊಯ್ದು, ಚಂಡೆಯವರು ಚೆನ್ನಾಗಿ ಕಾಣುವ ಕಡೆ ಬೆಳಗಿನವರೆಗೆ ಕೂರಿಸುತ್ತೇನೆ.